ಘಾಟ್ ಏರುವಾಗ ಮಾತ್ರ ಸೋಲುವ ಲಾರಿ: ಸೆನ್ಸರ್ ಬದಲಿಸಿದರೂ ಹೋಗದ ದೋಷ

ಕಳಂಬೋಲಿ ಲಾರಿ

ಎಲ್ಲರಿಗೂ ನಮಸ್ಕಾರ. ಊರು ವಿಜಯಪುರದ ಕಡೆ, ಹೊಟ್ಟೆಪಾಡು ಕಳಂಬೋಲಿಯಲ್ಲಿ. ಇರುವುದು ಒಂದೇ ಲಾರಿ; ನಾನೇ ಮಾಲೀಕ, ನಾನೇ ಚಾಲಕ. ಹತ್ತು ಚಕ್ರ, ಆರು ಸಿಲಿಂಡರ್, ಬಿಎಸ್-4 ಕಾಮನ್ ರೈಲ್ ಎಂಜಿನ್, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ (ರೈಲ್) ಭಾರೀ ಒತ್ತಡದ ಡೀಸೆಲ್ ಹೋಗುವಂಥದ್ದು. ಸ್ಟೀಲ್ ಮಾರುಕಟ್ಟೆಯಿಂದ ಕಾಯಿಲ್ ತುಂಬಿಕೊಂಡು ಚಾಕಣ, ಭೋಸರಿ ಕಡೆಗೆ ಹೋಗುತ್ತೇನೆ.

ತೊಂದರೆ ಹೀಗಿದೆ. ಖೋಪೋಲಿ ದಾಟಿ ಬೋರ್ ಘಾಟ್ ಏರಲು ಶುರು ಮಾಡಿದ ಮೇಲೆ, ಪೂರ್ತಿ ಎಕ್ಸಿಲರೇಟರ್ ಒತ್ತಿರುವಾಗ, ಎಂಜಿನ್ ದೀಪ ಹೊತ್ತಿಕೊಂಡು ಶಕ್ತಿ ಪಟ್ಟನೆ ಕುಸಿಯುತ್ತದೆ. ಆರ್‌ಪಿಎಂ 1500ರ ಮೇಲೆ ಏರುವುದಿಲ್ಲ. ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಖಾಲಿ ಗಾಡಿಗೆ ಈ ರೋಗವೇ ಇಲ್ಲ. ಸಮತಟ್ಟಾದ ರಸ್ತೆಯಲ್ಲೂ ಇಲ್ಲ.

ಒಂದು ಗ್ಯಾರೇಜಿನವರು ಸ್ಕ್ಯಾನರ್ ಹಾಕಿ 'ರೈಲ್ ಪ್ರೆಶರ್ ಸೆನ್ಸರ್ ಹೋಗಿದೆ' ಎಂದು ಹೊಸದು ಹಾಕಿದರು. ಮುಂದಿನ ಲೋಡಿನಲ್ಲೇ ಮತ್ತೆ ಅದೇ ಕತೆ. ಈಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಬದಲಿಸಬೇಕು, ಇಲ್ಲವೇ ಇಂಜೆಕ್ಟರ್ ಇಳಿಸಬೇಕು ಎನ್ನುತ್ತಿದ್ದಾರೆ. ಇಸಿಯು ಬೆಲೆ ಕೇಳಿ ತಲೆ ತಿರುಗಿತು. ತಿಳಿದವರು ದಾರಿ ಹೇಳಿ.

ವಡಾಳಾ ಹಳೆ ಫಿಟ್ಟರ್

ತಮ್ಮಾ, ಲೋಡಿನಲ್ಲಿ, ಅದೂ ಏರಿನಲ್ಲಿ ಸೋಲುತ್ತದೆ ಎಂದರೆ ಡೀಸೆಲ್ ಸಾಲುತ್ತಿಲ್ಲ ಎಂದೇ ಅರ್ಥ. ಟ್ಯಾಂಕಿನೊಳಗಿನ ಜಾಲರಿ ನೋಡಿದೆಯಾ? ನೀರು ಬೇರ್ಪಡಿಸುವ ಫಿಲ್ಟರಿನ ಬುಡ ಬಿಚ್ಚಿ ನೀರು ಇಳಿಸಿದೆಯಾ? ಫೀಡ್ ಪಂಪಿಗೆ ಹೋಗುವ ಪೈಪಿನಲ್ಲಿ ಗಾಳಿ ಎಳೆದುಕೊಳ್ಳುತ್ತಿದ್ದರೂ ಹೀಗೇ ಆಗುತ್ತದೆ. ನಮ್ಮ ಕಾಲದ ಇನ್‌ಲೈನ್ ಪಂಪಿನ ಗಾಡಿಯಲ್ಲಿ ಕರೆಂಟಿನಿಂದ ಎಂಜಿನ್ ಸೋಲುವ ಪ್ರಶ್ನೆಯೇ ಇರಲಿಲ್ಲ. ಎಂಜಿನ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್ ಬಿಟ್ಟರೆ ಪಂಪಿಗೆ ಒಂದು ವೈರೂ ಇರಲಿಲ್ಲ. ಈಗ ಎಲ್ಲದಕ್ಕೂ ಸೆನ್ಸರಿನ ಮೇಲೆ ತಪ್ಪು ಹೊರಿಸುತ್ತಾರೆ.

ಭೋಸರಿ ಆಟೋ ಎಲೆಕ್ಟ್ರಿಕ್

ಕಾಕಾ ಹೇಳಿದ್ದನ್ನು ಮೊದಲು ನೋಡಲೇಬೇಕು. ಖರ್ಚು ಕಡಿಮೆ, ಅರ್ಧ ಗಂಟೆಯ ಕೆಲಸ. ಆದರೆ ಡೀಸೆಲ್ ಸಾಲದಿರುವುದಕ್ಕೂ ವೈರಿಂಗ್ ಕೆಟ್ಟಿರುವುದಕ್ಕೂ ಇಸಿಯು ಬೇರೆ ಬೇರೆ ಕೋಡ್ ಬರೆದಿಡುತ್ತದೆ. ಅದನ್ನು ಪೂರ್ತಿ ಓದದೆ ಮುಂದೆ ಹೋದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ.

ಮಾಲೀಕರೇ, ಸ್ಕ್ಯಾನರಿನಲ್ಲಿ ಬಂದ ಕೋಡ್‌ಗಳನ್ನು ಒಂದೂ ಬಿಡದೆ ಇಲ್ಲಿ ಬರೆಯಿರಿ. 'ರೈಲ್ ಪ್ರೆಶರ್' ಎಂಬ ಹೆಸರು ಸಾಲದು. ಎಸ್‌ಪಿಎನ್ ಸಂಖ್ಯೆಯೂ ಬೇಕು, ಪಕ್ಕದ ಎಫ್‌ಎಂಐ ಸಂಖ್ಯೆಯೂ ಬೇಕು. ಎಸ್‌ಪಿಎನ್ ಎಂದರೆ ಯಾವ ಅಳತೆ ಎಂದು, ಎಫ್‌ಎಂಐ ಎಂದರೆ ಅದಕ್ಕೆ ಏನಾಗಿದೆ ಎಂದು. ರೈಲ್ ಪ್ರೆಶರ್ 157. ಅದರ ಮುಂದೆ 1 ಅಥವಾ 18 ಇದ್ದರೆ ಸೆನ್ಸರ್ ಸರಿಯಾಗಿಯೇ ಅಳೆಯುತ್ತಿದೆ, ಒತ್ತಡ ನಿಜವಾಗಿಯೂ ಕಡಿಮೆ ಇದೆ; ಆಗ ಕಾಕಾನ ಮಾತು ಸರಿ. 3 ಇದ್ದರೆ ವೈರಿನಲ್ಲಿ ವೋಲ್ಟೇಜ್ ಹೆಚ್ಚು, 4 ಇದ್ದರೆ ಕಡಿಮೆ. ಇವೆರಡೂ ಕರೆಂಟಿನ ಮಾತು, ಡೀಸೆಲಿನದಲ್ಲ.

ತುರ್ಭೆ ಟ್ರಾನ್ಸ್‌ಪೋರ್ಟ್

ಇಸಿಯು ಬದಲಿಸಬೇಡಿ. ನಮ್ಮಲ್ಲಿ ಒಂದು ಗಾಡಿಗೆ ಇಸಿಯು ಹಾಕಿಸಿ ಕೈ ಸುಟ್ಟುಕೊಂಡಿದ್ದೇವೆ. ಕೊನೆಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಅರ್ಥ್ ಬೋಲ್ಟ್ (ಮೈನಸ್ ವೈರನ್ನು ಗಾಡಿಯ ಲೋಹಕ್ಕೆ ಬಿಗಿಯುವಂಥದ್ದು). ಹಳೆಯ ಇಸಿಯು ಈಗಲೂ ಕಪಾಟಿನಲ್ಲಿದೆ.

ಕಳಂಬೋಲಿ ಲಾರಿ

ಫಿಲ್ಟರ್ ಎರಡೂ ಹೊಸದು ಹಾಕಿಸಿದ್ದೇನೆ, ಜಾಲರಿ ತೊಳೆಸಿದ್ದೇನೆ ಕಾಕಾ. ನೀರು ಬರಲಿಲ್ಲ.

ಗ್ಯಾರೇಜಿನಲ್ಲಿ ತೆಗೆದ ಫೋಟೋ ಮೊಬೈಲಿನಲ್ಲಿತ್ತು. ಅದರಲ್ಲಿ ಹೀಗಿದೆ: 157 - 4, 102 - 4, 3509 - 4. ಮೂರೂ ಒಂದೇ ಹೊತ್ತಿಗೆ ಬಂದಿವೆ. ಅವರು ಮೊದಲ ಸಾಲನ್ನಷ್ಟೇ ಓದಿ ಹೇಳಿದರು.

ಭೋಸರಿ ಆಟೋ ಎಲೆಕ್ಟ್ರಿಕ್

ಮೂರನೆಯ ಸಾಲಿನಲ್ಲೇ ಉತ್ತರ ಇದೆ. 102 ಎಂದರೆ ಟರ್ಬೋ ಗಾಳಿಯ ಒತ್ತಡ, ಅಂದರೆ ಬೂಸ್ಟ್ ಸೆನ್ಸರ್. 3509 ಎಂದರೆ ಇಸಿಯು ಸೆನ್ಸರುಗಳಿಗೆ ಕೊಡುವ 5 ವೋಲ್ಟ್ ಸಪ್ಲೈ. ಈ 5 ವೋಲ್ಟ್ ಇಸಿಯುನೊಳಗೇ ತಯಾರಾಗಿ ಒಂದೇ ಕವಲಿನಿಂದ ಹಲವು ಸೆನ್ಸರುಗಳಿಗೆ ಹೋಗುತ್ತದೆ. ಅದು ಎಲ್ಲಾದರೂ ಗಾಡಿಯ ಲೋಹದ ಮೈಗೆ ತಗುಲಿದರೆ ಆ ಕವಲಿನ ಮೇಲಿರುವ ಎಲ್ಲ ಸೆನ್ಸರುಗಳೂ ಒಟ್ಟಿಗೆ ಸುಳ್ಳು ಹೇಳುತ್ತವೆ. ರೈಲ್ ಒತ್ತಡ ಎಷ್ಟಿದೆ ಎಂಬುದೇ ತಿಳಿಯದ ಮೇಲೆ ಎಂಜಿನ್ ಉಳಿಸಿಕೊಳ್ಳಲು ಇಸಿಯು ಇಂಧನ ಕಡಿಮೆ ಮಾಡುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದಾಗ, ಆ ಹೊತ್ತಿಗೆ ದೋಷ ಇಲ್ಲದಿದ್ದರೆ, ಮತ್ತೆ ಪೂರ್ಣ ಶಕ್ತಿ ಕೊಡುತ್ತದೆ. ನಿಮ್ಮ ಗಾಡಿಯ ಲಕ್ಷಣ ಇದೇ.

ಎರಡು ಸೆನ್ಸರ್ ಒಂದೇ ಕ್ಷಣದಲ್ಲಿ ಸಾಯುವುದಿಲ್ಲ. ಎರಡಕ್ಕೂ ಸೇರಿದ ವೈರ್ ಯಾವುದು ಎಂದು ಹುಡುಕಬೇಕು.

ಆದರೆ ಅದಕ್ಕೂ ಮೊದಲು ಬುಡ ಗಟ್ಟಿ ಇದೆಯೇ ನೋಡಿ. ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ತನ್ನಿ, ಕನಿಷ್ಠ-ಗರಿಷ್ಠ ದಾಖಲಿಸುವ ಗುಂಡಿ ಇರುವಂಥದ್ದಾದರೆ ಒಳ್ಳೆಯದು. ಎಂಜಿನ್ ಬಂದ್ ಇರುವಾಗ ಬ್ಯಾಟರಿ ಜೋಡಿಯ (12 ವೋಲ್ಟಿನ ಎರಡು ಸಾಲಾಗಿ ಸೇರಿ 24) ಮೇಲೆ 25 ವೋಲ್ಟಿನ ಮೇಲಿರಬೇಕು; ಎರಡನ್ನೂ ಬೇರೆ ಬೇರೆಯಾಗಿಯೂ ಅಳೆಯಿರಿ. ಸೆಲ್ಫ್ ಹೊಡೆಯುವಾಗ 19ಕ್ಕಿಂತ ಕೆಳಗೆ ಬೀಳಬಾರದು. ಚಾಲೂ ಆದ ಮೇಲೆ 27.5ರಿಂದ 28.5. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿಯ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿ ಬಿಚ್ಚಿ ಉಜ್ಜಿ ಕಟ್ಟಿ. ಇದೇ ಅಳತೆಯನ್ನು ಎಂಜಿನ್ ಓಡುತ್ತಿರುವಾಗ ಇಸಿಯುನ ಅರ್ಥ್ ವೈರಿಗೂ ಮಾಡಿ, ಅಲ್ಲಿ 0.1ರ ಆಸುಪಾಸಿನಲ್ಲಿರಬೇಕು.

ನಿಗಡಿ ಚಾಲಕ

ಅಣ್ಣಾ, ಮೀಟರ್ ಯಾಕೆ? ನಮ್ಮ ಕಡೆ ಎಲ್ಲರೂ ಟೆಸ್ಟ್ ಲ್ಯಾಂಪಿನಲ್ಲೇ ನೋಡುತ್ತಾರೆ.

ಭೋಸರಿ ಆಟೋ ಎಲೆಕ್ಟ್ರಿಕ್

ಲ್ಯಾಂಪ್ ಕೆಟ್ಟದ್ದಲ್ಲ ತಮ್ಮಾ, ಜಾಗ ನೋಡಿ ಬಳಸಬೇಕು. ಹೆಡ್‌ಲೈಟ್, ರಿಲೇ, ಫ್ಯೂಸಿನಿಂದ ಇಸಿಯುಗೆ ಹೋಗುವ ದಪ್ಪ ಸಪ್ಲೈ ವೈರ್, ಇವುಗಳಿಗೆ ಮೀಟರಿಗಿಂತ ಲ್ಯಾಂಪೇ ಮೇಲು. ಯಾಕೆಂದರೆ ವೈರಿನ ಎಳೆಗಳೆಲ್ಲ ಕೊಳೆತು ಒಂದೇ ಎಳೆ ಉಳಿದಿದ್ದರೂ ಮೀಟರ್ 24 ತೋರಿಸುತ್ತದೆ. 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಜೋಡಿಸಿದರೆ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ, ಎಲ್ಲವೂ ಬಯಲಾಗುತ್ತದೆ. ಆದರೆ ಸೆನ್ಸರಿನ 5 ವೋಲ್ಟ್ ಮತ್ತು ಸಿಗ್ನಲ್ ವೈರಿಗೆ ಅದೇ ಬಲ್ಬ್ ಹಚ್ಚಿದರೆ ಇಸಿಯುನೊಳಗಿನ ಸರ್ಕ್ಯೂಟನ್ನು ಸುಟ್ಟುಬಿಡಬಹುದು. ಅಲ್ಲಿ ಮೀಟರ್ ಮಾತ್ರ.

ಇಂಜೆಕ್ಟರ್ ವೈರಿನ ಹತ್ತಿರ ಲ್ಯಾಂಪೂ ಬೇಡ, ಕೈಯೂ ಬೇಡ. ಇಂಜೆಕ್ಟರ್ ತೆರೆಯಲು ಇಸಿಯು ಬ್ಯಾಟರಿಗಿಂತ ಬಹಳ ಹೆಚ್ಚಿನ ವೋಲ್ಟೇಜ್ ಕಳುಹಿಸುತ್ತದೆ.

ವಡಾಳಾ ಹಳೆ ಫಿಟ್ಟರ್

ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು ತಿಳಿಯಲು ಚಾಲೂ ಗಾಡಿಯಲ್ಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುತ್ತಿದ್ದೆವು. ಅದಕ್ಕೆ ಸ್ಕ್ಯಾನರ್ ಬೇಕಿರಲಿಲ್ಲ.

ಭೋಸರಿ ಆಟೋ ಎಲೆಕ್ಟ್ರಿಕ್

ಕಾಕಾ, ನಿಮ್ಮ ಕಾಲದ ಪಂಪಿಗೆ ಅದು ನಡೆಯುತ್ತಿತ್ತು. ಕಾಮನ್ ರೈಲಿನಲ್ಲಿ ದಯವಿಟ್ಟು ಯಾರೂ ಮಾಡಬೇಡಿ. ಗಾಡಿ ನಿಂತು ಎಂಜಿನ್ ಸುಮ್ಮನೆ ಚಾಲೂ ಇರುವಾಗಲೇ ರೈಲ್ ಒತ್ತಡ 250-300 ಬಾರ್ ಮೇಲಿರುತ್ತದೆ, ಲೋಡಿನಲ್ಲಿ ಸಾವಿರ ದಾಟುತ್ತದೆ. ಆ ಒತ್ತಡದ ಡೀಸೆಲ್ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟು ಚಿಕ್ಕದಾಗಿ ಕಾಣುತ್ತದೆ, ಬೆರಳು ಕತ್ತರಿಸುವ ಸ್ಥಿತಿಗೂ ಹೋಗಬಹುದು. ಸಿಲಿಂಡರ್ ಒಂದೊಂದನ್ನೇ ಬಂದ್ ಮಾಡಿ ನೋಡುವ ಪರೀಕ್ಷೆ ಸ್ಕ್ಯಾನರಿನಲ್ಲೇ ಇದೆ.

ವಾಸ್ಕೊ ವೈರ್‌ಮನ್

ಗೋವಾದಿಂದ ನಾನೂ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಬಂದರಿನ ಗಾಡಿಗಳಲ್ಲಿ ಅರ್ಧ ರೋಗ ಉಪ್ಪುಗಾಳಿಯದು. ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಪುಡಿ. ಹೊರಗಿನಿಂದ ನೋಡಿದರೆ ಹೊಸದರಂತೆ ಇರುತ್ತದೆ. ಇನ್ನರ್ಧ ರೋಗ ಇಲಿಯದು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 88 ಗಣಿ ಗುತ್ತಿಗೆಗಳ ಕೆಲಸ ನಿಂತಾಗ ಅದಿರಿನ ಟಿಪ್ಪರುಗಳು ಸಾಲುಸಾಲಾಗಿ ಮನೆಗಳ ಮುಂದೆ ನಿಂತವು. ಮಳೆಗಾಲಗಳನ್ನು ಅಲ್ಲೇ ಕಳೆದ ಗಾಡಿಗಳನ್ನು ಮತ್ತೆ ಚಾಲೂ ಮಾಡಲು ಹೋದಾಗ ಎಂಜಿನ್ ಚೆನ್ನಾಗಿತ್ತು, ಹಾರ್ನೆಸ್ (ವೈರುಗಳ ಕಟ್ಟು) ಇರಲಿಲ್ಲ. ಇಲಿ ತಿಂದು ಮುಗಿಸಿತ್ತು.

ವೈರಿಗೆ ಗುಂಡುಸೂಜಿ ಚುಚ್ಚಿ ವೋಲ್ಟೇಜ್ ನೋಡುವವರಿಗೆ ಕೈಮುಗಿದು ಹೇಳುತ್ತೇನೆ, ಆ ತೂತು ಮುಚ್ಚುವುದಿಲ್ಲ. ಜೂನ್ ಬಂದ ಮೇಲೆ ಅದೇ ತೂತಿನಿಂದ ನೀರು ಇಳಿದು ಒಳಗಿನ ತಾಮ್ರ ಕಪ್ಪಾಗುತ್ತದೆ. ಕಪ್ಲರಿನ ಹಿಂಬದಿಯಿಂದ ರಬ್ಬರ್ ಸೀಲಿನ ಪಕ್ಕ ತೆಳುವಾದ ಕಡ್ಡಿ ತೂರಿಸಿ ನೋಡಬೇಕು. ಮುಂಬದಿಯಿಂದ ಹೆಣ್ಣು ಪಿನ್ನಿಗೆ ದಪ್ಪ ಕಡ್ಡಿ ತುರುಕಿದರೆ ಪಿನ್ ಅಗಲವಾಗಿ ಇಲ್ಲದ ರೋಗ ಹುಟ್ಟಿಕೊಳ್ಳುತ್ತದೆ.

ಕಳಂಬೋಲಿ ಲಾರಿ

ಅಳತೆಗಳು ಇಲ್ಲಿವೆ. ಬ್ಯಾಟರಿ ಜೋಡಿ 25.1. ಬೇರೆ ಬೇರೆಯಾಗಿ ಒಂದು 12.9, ಇನ್ನೊಂದು 12.2. ಸೆಲ್ಫ್ ಹೊಡೆಯುವಾಗ 20.3. ಚಾಲೂ ಆದಾಗ 28.0. ಬ್ಲಾಕ್ ಅರ್ಥ್ 0.3, ಇಸಿಯು ಅರ್ಥ್ 0.05. ಬೂಸ್ಟ್ ಸೆನ್ಸರಿನ ಕಪ್ಲರ್ ಬಿಚ್ಚಿ ಕೀ ಆನ್ ಮಾಡಿ ನೋಡಿದೆ, 4.98 ವೋಲ್ಟ್ ಬಂತು. ರೈಲ್ ಸೆನ್ಸರಿನಲ್ಲೂ ಅಷ್ಟೇ. ಎಲ್ಲವೂ ಸರಿ ಇದ್ದಂತೆ ಕಾಣುತ್ತದಲ್ಲ?

ತುರ್ಭೆ ಟ್ರಾನ್ಸ್‌ಪೋರ್ಟ್

12.2 ಇರುವ ಬ್ಯಾಟರಿಯಿಂದ ಮ್ಯೂಸಿಕ್ ಸಿಸ್ಟಮಿಗೆ ವೈರ್ ಎಳೆದಿದ್ದೀರಿ. ಹೌದೋ ಅಲ್ಲವೋ?

ಕಳಂಬೋಲಿ ಲಾರಿ

ಹೌದು ಸಾಹುಕಾರರೇ. ಫ್ಯಾನ್, ಮೊಬೈಲ್ ಚಾರ್ಜರ್ ಕೂಡ ಅದರಿಂದಲೇ.

ಭೋಸರಿ ಆಟೋ ಎಲೆಕ್ಟ್ರಿಕ್

ಬ್ಯಾಟರಿ ವಿಷಯ ಕೊನೆಗೆ ಮಾತಾಡೋಣ, ಈ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಅರ್ಥ್ ಚೆನ್ನಾಗಿದೆ. ನಿಂತ ಗಾಡಿಯಲ್ಲಿ 4.98 ಬಂದದ್ದೂ ಸಹಜವೇ. ನಿಂತಾಗ ನಿಮ್ಮ ಗಾಡಿಗೆ ರೋಗವೇ ಇಲ್ಲವಲ್ಲ. ಈಗ ರೋಗವನ್ನು ನಾವೇ ಬರಿಸಬೇಕು.

ಪೂರ್ತಿ ಲೋಡಿನಲ್ಲಿ ಏರುವಾಗ ಬದಲಾಗುವುದು ಏನು? ಶಾಖ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಒಂದು ಬದಿಗೆ ವಾಲುತ್ತದೆ. ಖಾಲಿ ಗಾಡಿಯಲ್ಲಿ ಅಷ್ಟು ವಾಲುವುದಿಲ್ಲ. ಎಂಜಿನ್ನಿಗೂ ಚಾಸಿಗೂ ನಡುವೆ ಹಾರ್ನೆಸ್ ದಾಟುವ ಜಾಗಗಳಲ್ಲಿ ಎಲ್ಲೋ ವೈರ್ ಒತ್ತಿ ಹಿಡಿಯುತ್ತಿದೆ ಎಂದು ನನ್ನ ಅನುಮಾನ.

ಮಾಡಬೇಕಾದದ್ದು ಇಷ್ಟು. ಕ್ಯಾಬಿನ್ ಎತ್ತಿ ಅಡ್ಡಕಡ್ಡಿ ಹಾಕಿ ಭದ್ರಮಾಡಿ. ಬರೀ ಜಾಕನ್ನು ನಂಬಿ ತಲೆ ಒಳಗೆ ಹಾಕಬೇಡಿ. ಎಂಜಿನ್ ಬಂದ್, ಕೀ ಆನ್. ಬೂಸ್ಟ್ ಸೆನ್ಸರಿನ 5 ವೋಲ್ಟ್ ಪಿನ್ನಿಗೆ ಹಿಂಬದಿಯಿಂದ ಮೀಟರ್ ಕಟ್ಟಿ ಕನಿಷ್ಠ ದಾಖಲಿಸುವ ಗುಂಡಿ ಒತ್ತಿ. ಆಮೇಲೆ ಇಸಿಯು ಕಪ್ಲರಿನಿಂದ ಶುರುಮಾಡಿ ಹಾರ್ನೆಸ್ ಅನ್ನು ಗೇಣು ಗೇಣಾಗಿ ಹಿಡಿದು ಅಲುಗಾಡಿಸುತ್ತ, ಹತ್ತಿರದ ಬ್ರಾಕೆಟ್ಟಿಗೆ ಒತ್ತುತ್ತ ಬನ್ನಿ. ಅವಸರ ಬೇಡ. ವೋಲ್ಟೇಜ್ ಎಲ್ಲಿ ಬೀಳುತ್ತದೋ ಅಲ್ಲೇ ಕೈ ನಿಲ್ಲಿಸಿ.

ವೋಲ್ಟೇಜ್ ಬಿದ್ದು ಮೇಲೇಳದಿದ್ದರೆ ಆ ಕವಲಿನ ಸೆನ್ಸರುಗಳ ಕಪ್ಲರ್ ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ 5 ಮರಳಿ ಬರುತ್ತದೋ ಆ ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ಎಲ್ಲ ಕಿತ್ತರೂ ಬಾರದಿದ್ದರೆ ವೈರ್.

ನಿಗಡಿ ಚಾಲಕ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಬಿಎಸ್-6 ಗಾಡಿ. ಯೂರಿಯಾ ಟ್ಯಾಂಕ್ ತುಂಬಿದೆ, ಆದರೂ ದೀಪ ಬಂದು ಶಕ್ತಿ ಕಡಿಮೆಯಾಗುತ್ತದೆ. ಇದೂ ವೈರಿಂಗೇ ಇರಬಹುದೇ?

ವಾಸ್ಕೊ ವೈರ್‌ಮನ್

ಇರಬಹುದು, ಆದರೆ ದಾರಿ ಬೇರೆ. 2020ರ ಏಪ್ರಿಲ್ 1ರ ನಂತರದ ಗಾಡಿಗಳಲ್ಲಿ ಹೊಗೆ ಶುದ್ಧಿಯ ವ್ಯವಸ್ಥೆ ಕೈಕೊಟ್ಟರೆ ಇಸಿಯು ಬೇಕೆಂದೇ ಶಕ್ತಿ ಕಡಿಮೆ ಮಾಡುತ್ತದೆ. ಯೂರಿಯಾ ದ್ರಾವಣ 32.5 ಪ್ರತಿಶತದ್ದೇ ಇರಬೇಕು, ನೀರು ಬೆರೆತಿದ್ದರೆ ತಿಳಿಯುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ಎನ್‌ಒಎಕ್ಸ್ ಸೆನ್ಸರ್ ಮಾತ್ರ ವೋಲ್ಟೇಜಿನಲ್ಲಿ ಮಾತಾಡುವುದಿಲ್ಲ, ಗಾಡಿಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಲೈನಿನ ಎರಡು ಹೆಣೆದ ವೈರುಗಳ ಮೇಲೆ ಸಂದೇಶ ಕಳುಹಿಸುತ್ತದೆ. ಬ್ಯಾಟರಿ ಕಟ್ಟಾಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಕ್ಯಾನ್ ಹೈ, ಕ್ಯಾನ್ ಲೋ ನಡುವೆ ಓಮ್ ಅಳೆಯಿರಿ. 60ರ ಆಸುಪಾಸು ಬಂದರೆ ಎರಡೂ ತುದಿಯ 120 ಓಮ್ ರೆಸಿಸ್ಟರ್ ಸರಿ ಇವೆ. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರೂ ಒಂದಕ್ಕೊಂದು ತಗುಲಿವೆ. ಕೋಡ್ ಸಮೇತ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತವೆ.

ಕಳಂಬೋಲಿ ಲಾರಿ

ಸಿಕ್ಕಿತು!

ಕ್ಲೀನರ್ ಹುಡುಗನನ್ನು ಮೀಟರ್ ಮುಂದೆ ಕೂರಿಸಿ ನಾನು ವೈರ್ ಒತ್ತುತ್ತ ಬಂದೆ. ಇಸಿಯು ಹತ್ತಿರ ಏನಿಲ್ಲ. ಮೇಲಿನ ಉದ್ದಕ್ಕೂ ಏನಿಲ್ಲ. ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಜೋಡಿಸುವ ಹೌಸಿಂಗಿನ ಮೇಲೆ, ಹಾರ್ನೆಸ್ ಒಂದು ಕಬ್ಬಿಣದ ಬ್ರಾಕೆಟ್ಟಿನ ಅಂಚನ್ನು ದಾಟುತ್ತದೆ. ಅಲ್ಲಿ ಒತ್ತಿದ ಕೂಡಲೇ ಹುಡುಗ 'ಬಿತ್ತು, ಬಿತ್ತು' ಎಂದು ಕೂಗಿದ. 4.98 ಇದ್ದದ್ದು 0.4. ಕೈ ಬಿಟ್ಟರೆ ಮತ್ತೆ 4.98.

ಸುರುಳಿ ಕೊಳವೆ ಹೊರಗಿನಿಂದ ಬರೀ ಎಣ್ಣೆ-ಧೂಳು ಮೆತ್ತಿ ಕಪ್ಪಾಗಿ ಕಾಣುತ್ತಿತ್ತು. ತಿರುಗಿಸಿ ನೋಡಿದರೆ ಕೆಳಬದಿ ಅಂಚಿಗೆ ಉಜ್ಜಿ ಉಜ್ಜಿ ಉಗುರಿನಷ್ಟು ತೂತು. ಒಳಗೆ ಒಂದೇ ವೈರಿನ ತಾಮ್ರ ಹೊಳೆಯುತ್ತಿದೆ, ಪಕ್ಕದ ವೈರಿನ ಪ್ಲಾಸ್ಟಿಕ್ ಅರ್ಧ ಸವೆದಿದೆ. ಬ್ರಾಕೆಟ್ಟಿನ ಆ ಅಂಚೂ ನುಣುಪಾಗಿ ಬೆಳ್ಳಗಾಗಿದೆ. ಅಲ್ಲಿ ಹಾರ್ನೆಸ್ ಹಿಡಿಯುವ ಕ್ಲ್ಯಾಂಪಿನ ಬೋಲ್ಟ್ ತೂತು ಖಾಲಿ ಇದೆ. ಕಳೆದ ವರ್ಷ ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗ ಬಿಚ್ಚಿದವರು ಮತ್ತೆ ಹಾಕಿಲ್ಲ.

ವಡಾಳಾ ಹಳೆ ಫಿಟ್ಟರ್

ಒಂದು ಕ್ಲ್ಯಾಂಪಿಗೆ ಇಷ್ಟು ರಗಳೆ. ನಾನು ಕಲಿಸಿದ ಹುಡುಗರಿಗೆ ಬಿಚ್ಚಿದ ಬೋಲ್ಟನ್ನೆಲ್ಲ ತಟ್ಟೆಯಲ್ಲಿ ಇಡಿಸುತ್ತಿದ್ದೆ, ಕೆಲಸ ಮುಗಿದಾಗ ತಟ್ಟೆ ಖಾಲಿ ಇರಬೇಕು ಎಂದು. ಭೋಸರಿಯವರೇ, ನಿಮ್ಮ ಲೆಕ್ಕ ಸರಿಯಾಯಿತು.

ತುರ್ಭೆ ಟ್ರಾನ್ಸ್‌ಪೋರ್ಟ್

ಇನ್ನೊಂದು ಮಾತು ಹೇಳಬೇಕು, ಮಾಲೀಕರಿಗೆ ಹಿಡಿಸದಿರಬಹುದು. ಹೊಸ ಸೆನ್ಸರಿಗೆ ನಾವು ಮರುಮಾತಾಡದೆ ಹಣ ಕೊಡುತ್ತೇವೆ, ಡಬ್ಬಿ ಕಣ್ಣಿಗೆ ಕಾಣುತ್ತದೆ. ಅರ್ಧ ದಿನ ಮೀಟರ್ ಹಿಡಿದು ಹುಡುಕಿದವನು ಕೂಲಿ ಕೇಳಿದರೆ 'ಏನು ಬದಲಿಸಿದೆ?' ಎಂದು ಚೌಕಾಸಿ ಮಾಡುತ್ತೇವೆ. ಹಾಗಾದರೆ ಗ್ಯಾರೇಜಿನವನು ಹುಡುಕುವುದು ಯಾಕೆ? ಬದಲಿಸುತ್ತಾ ಹೋಗುತ್ತಾನೆ. ನಮ್ಮ ಗಾಡಿಗಳಿಗೆ ಈಗ ಹುಡುಕುವ ಕೂಲಿ ಬೇರೆ, ಸಾಮಾನಿನ ಬೆಲೆ ಬೇರೆ ಎಂದು ಮೊದಲೇ ಮಾತಾಡಿಕೊಳ್ಳುತ್ತೇವೆ. ಕಳಚಿದ ಹಳೆ ಸಾಮಾನು ನಮ್ಮ ಕೈಗೆ ಬರಬೇಕು, ಅದೂ ಷರತ್ತು.

ಕಳಂಬೋಲಿ ಲಾರಿ

ಈಗ ಆ ವೈರನ್ನು ಏನು ಮಾಡಲಿ? ಟೇಪ್ ಸುತ್ತಿದರೆ ಸಾಕೇ?

ಭೋಸರಿ ಆಟೋ ಎಲೆಕ್ಟ್ರಿಕ್

ಟೇಪ್ ಸಾಲದು. ಎಂಜಿನ್ ಶಾಖಕ್ಕೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ತಾಮ್ರ ಕಂಡ ವೈರಿನ ಕೆಟ್ಟ ಭಾಗ ಕತ್ತರಿಸಿ, ಅದೇ ದಪ್ಪದ ವಾಹನದ ವೈರ್ ತುಂಡು ಸೇರಿಸಿ. ಮನೆ ವೈರಿಂಗಿನ ಒಂಟಿ ಎಳೆಯ ವೈರ್ ಬೇಡ, ಅದುರಿ ಅದುರಿ ಮುರಿಯುತ್ತದೆ. ಸುಮ್ಮನೆ ತಿರುಚಿ ಕಟ್ಟಬೇಡಿ. ಒಳಗೆ ಅಂಟು ಇರುವ ಶ್ರಿಂಕ್ ಕೊಳವೆ ಸಮೇತ ಕ್ರಿಂಪ್ ಜೋಡಣೆ ಮಾಡಿ. ಕಾಯಿಸಿದಾಗ ಎರಡೂ ತುದಿಯಲ್ಲಿ ಅಂಟು ಹೊರಗೆ ಇಣುಕಬೇಕು, ಆಗ ನೀರು ಹೋಗುವುದಿಲ್ಲ. ಅರ್ಧ ಸವೆದ ವೈರಿನ ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸಿ ನೋಡಿ, ತಾಮ್ರ ಕಾಣದಿದ್ದರೂ ಅದನ್ನೂ ಹಾಗೇ ಮಾಡಿ. ಎರಡು ಜೋಡಣೆ ಅಕ್ಕಪಕ್ಕ ಬಾರದಂತೆ ಹಿಂದೆಮುಂದೆ ಇರಲಿ.

ಆಮೇಲೆ ಹೊಸ ಸುರುಳಿ ಕೊಳವೆ, ರಬ್ಬರ್ ಇರುವ ಕ್ಲ್ಯಾಂಪ್, ಬ್ರಾಕೆಟ್ಟಿನ ಅಂಚಿಗೆ ಅರದ ಏಟು. ಹಾರ್ನೆಸ್ಸಿಗೆ ಸ್ವಲ್ಪ ಸಡಿಲು ಬಿಡಿ, ಎಂಜಿನ್ ವಾಲಿದಾಗ ಎಳೆಯಬಾರದು. ಕೊನೆಗೆ ಕೋಡ್ ಅಳಿಸಿ. ಅಳಿಸದಿದ್ದರೆ ಹಳೆಯದು ಯಾವುದು ಹೊಸದು ಯಾವುದು ಎಂದು ಮುಂದೆ ತಿಳಿಯುವುದಿಲ್ಲ.

ವಾಸ್ಕೊ ವೈರ್‌ಮನ್

ಬ್ರಾಕೆಟ್ ಬಿರುಕುಬಿಟ್ಟಿದ್ದು ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿ ಎರಡೂ ಕಡೆ ಬಿಚ್ಚಿ, ಇಸಿಯು ಕಪ್ಲರ್ ಕಿತ್ತು, ವೆಲ್ಡಿಂಗಿನ ಅರ್ಥ್ ಅನ್ನು ಕೆಲಸದ ಜಾಗದ ಪಕ್ಕದಲ್ಲೇ ಕಚ್ಚಿಸಿ. ಇಲ್ಲದಿದ್ದರೆ ಈಗ ಉಳಿಸಿದ ಇಸಿಯು ಆಗ ಹೋಗುತ್ತದೆ.

ಕಳಂಬೋಲಿ ಲಾರಿ

ಬ್ರಾಕೆಟ್ ಗಟ್ಟಿ ಇದೆ. ವೈರ್ ಎರಡೂ ಜೋಡಿಸಿ, ಕ್ಲ್ಯಾಂಪ್ ಹಾಕಿ, ಕೋಡ್ ಅಳಿಸಿ, ಕಾಯಿಲ್ ಲೋಡ್ ತುಂಬಿಕೊಂಡು ಚಾಕಣಕ್ಕೆ ಬಂದಿದ್ದೇನೆ. ಖೋಪೋಲಿಯಿಂದ ಲೋಣಾವಳದವರೆಗೆ ಪೂರ್ತಿ ಎಕ್ಸಿಲರೇಟರಿನಲ್ಲೇ ಏರಿಸಿದೆ, ದೀಪ ಬರಲಿಲ್ಲ. ಇಳಿಸಿದ ಮೇಲೆ ಇಲ್ಲಿ ಸ್ಕ್ಯಾನರ್ ಹಾಕಿಸಿದೆ, ಒಂದು ಕೋಡೂ ಇಲ್ಲ. ಎಲ್ಲರಿಗೂ ಉಪಕಾರ ಸ್ಮರಿಸುತ್ತೇನೆ. ಇನ್ನು ಬ್ಯಾಟರಿ ವಿಷಯ ಹೇಳಿ ಅಣ್ಣಾ.

ಭೋಸರಿ ಆಟೋ ಎಲೆಕ್ಟ್ರಿಕ್

ಜೋಡಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದರೆ ಅದು ಸದಾ ಅರೆಹೊಟ್ಟೆ. ಆಲ್ಟರ್ನೇಟರಿಗೆ ಕಾಣುವುದು ಎರಡರ ಮೊತ್ತ ಮಾತ್ರ, ಆದ್ದರಿಂದ ಇನ್ನೊಂದಕ್ಕೆ ಚಾರ್ಜ್ ಹೆಚ್ಚಾಗಿ ನೀರು ಆವಿಯಾಗುತ್ತದೆ. ಎರಡೂ ಬೇಗ ಸಾಯುತ್ತವೆ, ಒಂದನ್ನೇ ಹೊಸದು ಹಾಕಿದರೂ ಉಳಿಯುವುದಿಲ್ಲ. ಆ ವೈರ್ ಕಿತ್ತುಹಾಕಿ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಎರಡೂ ಬ್ಯಾಟರಿಯನ್ನು ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿಸಿದ ಮೇಲೆಯೇ ಮತ್ತೆ ಜೋಡಿಸಿ.

ನಿಗಡಿ ಚಾಲಕ

ಎಷ್ಟು ಆಂಪಿಯರಿನದು ಬೇಕು? ನನಗೂ ಹಾಕಿಸಬೇಕು.

ಭೋಸರಿ ಆಟೋ ಎಲೆಕ್ಟ್ರಿಕ್

ಮ್ಯೂಸಿಕ್, ಫ್ಯಾನ್, ಚಾರ್ಜರ್ ಇಷ್ಟೇ ಆದರೆ 10 ಆಂಪಿಯರಿನದು ಸಾಕು. ದೊಡ್ಡ ಆಂಪ್ಲಿಫೈಯರ್ ಇದ್ದರೆ ಅದರ ಮೇಲೆ ಬರೆದಿರುವ ಆಂಪಿಯರ್ ಕೂಡಿಸಿ ನೋಡಿ. ಕನ್ವರ್ಟರಿಗೆ ಹೋಗುವ ವೈರಿಗೆ ಫ್ಯೂಸ್ ಹಾಕಿ, ಅದು ಬ್ಯಾಟರಿಯ ಪಕ್ಕದಲ್ಲಿರಲಿ, ಕ್ಯಾಬಿನ್ನಿನೊಳಗೆ ಬೇಡ. ನಡುವಿನ ವೈರ್ ಚಾಸಿಗೆ ತಗುಲಿದಾಗ ಉರಿಯಬೇಕಾದದ್ದು ಫ್ಯೂಸ್.